ಪವರ್ ಬಟನ್ನಿಗೆ ಶುಕ್ರವಾರದ ಕುಂಕುಮ

ಸ್ನೇಹಿತರೇ, ಪ್ಯಾರೀಸ್ ಕಾರ್ನರ್ ಪೇಟೆಯಲ್ಲಿ ನಾನು ಕೆಲಸ ಮಾಡುವ ಪಾತ್ರೆ ಅಂಗಡಿಯ ಕಂಪ್ಯೂಟರ್ ಆಫ್ ಮಾಡಿದರೂ ತಾನಾಗಿಯೇ ಮತ್ತೆ ಆನ್ ಆಗುತ್ತಿತ್ತು.

"ಮನೆಗೆ ಓಡೋ ಅವಸರ ನಿಂಗೆ. ಸರಿಯಾಗಿ ಆಫ್ ಮಾಡಲ್ಲ," ಎಂದು ಯಜಮಾನರು ವಾರವಿಡೀ ಬೈದರು.

ಇವತ್ತು ಸಂಜೆ ಸೇಫ್ಟಿ ಪಿನ್ನಿನಿಂದ ಪವರ್ ಬಟನ್ ಸುತ್ತ ಕೆರೆದು ನೋಡಿದೆ. ಪ್ರತಿ ಶುಕ್ರವಾರ ಪೂಜೆ ಮಾಡಿ ಅವರೇ ಮೆತ್ತಿದ ಗಂಧ ಕುಂಕುಮ ಒಣಗಿ, ಬಟನ್ ಒತ್ತಿದ ಹಾಗೇ ಸಿಕ್ಕಿಹಾಕಿಕೊಂಡಿತ್ತು. ಕೆರೆದು ತೆಗೆದ ಮೇಲೆ ಕಂಪ್ಯೂಟರ್ ತೆಪ್ಪಗೆ ಆಫ್ ಆಯಿತು. ಯಜಮಾನರನ್ನು ಕರೆದು ತೋರಿಸಿದೆ.

"ಅಯ್ಯಯ್ಯೋ, ಶುಕ್ರವಾರ ಯಾರಾದ್ರೂ ಕುಂಕುಮ ಕೆರೀತಾರೇನಮ್ಮಾ? ಮನೇಲಿ ಇಷ್ಟೂ ಹೇಳ್ಕೊಟ್ಟಿಲ್ವಾ?" ಎಂದವರೇ ಅದೇ ಬಟನ್ನಿಗೆ ಹೊಸದಾಗಿ ಗಂಧ ಮೆತ್ತಿದರು.

ಕೆಲಸ ಮುಗಿದರೂ ಅಂಗಡಿಯಲ್ಲೇ ಎದ್ದು ಕೂರುವವರಿಗೆ ಇಲ್ಲಿ ಗಂಧ, ಕುಂಕುಮ. ಹೊತ್ತಾಯಿತೆಂದು ಚೀಲ ಎತ್ತಿಕೊಳ್ಳುವವಳಿಗೆ ಬೈಗುಳ.