ಏಳು ಬಾತುಕೋಳಿಗಳ ಕೊಲೆ ಕೇಸು

ಆಫೀಸಿನಲ್ಲಿ ಎಲ್ಲರೂ ಅವನನ್ನು ಬಾಟಲಿಯಣ್ಣ ಎಂದೇ ಕರೆಯುತ್ತಿದ್ದರು. ಪ್ರತಿ ಸೋಮವಾರ ಬಣ್ಣದ ಕಾರ್ಖಾನೆಯ ಹಿಂದಿನ ಹಳ್ಳದಿಂದ ಒಂದು ಬಾಟಲಿ ನೀರು ತಂದು ಪರೀಕ್ಷೆಗೆ ಕೊಡುವುದು ಅವನ ಸರ್ಕಾರಿ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ಸೋಮವಾರವನ್ನೂ ತಪ್ಪಿಸಿದವನಲ್ಲ. ಅಂಥ ನಿಯತ್ತಿನ ಮನುಷ್ಯನ ಮನೆಯಲ್ಲೇ ಕೊಲೆ ಆಗಬೇಕೆ? ಅವನ ಹೆಂಡತಿ ಹೆತ್ತ ಮಕ್ಕಳ ಹಾಗೆ ಸಾಕಿದ್ದ ಏಳು ಬಾತುಕೋಳಿಗಳು ಒಂದೇ ವಾರದಲ್ಲಿ ಅಂಗಳದಲ್ಲಿ ಕತ್ತು ಚಾಚಿ ಸತ್ತುಬಿದ್ದವು.

"ಕೊಂದವನು ಸಿಗೋವರೆಗೂ ಒಲೆ ಹಚ್ಚಲ್ಲ ಕಣ್ರೀ," ಎಂದಳು ಹೆಂಡತಿ. ಹಚ್ಚಲೂ ಇಲ್ಲ.

ಮೂರು ದಿನ ಬಾಳೆಹಣ್ಣು ತಿಂದು ಬಾಟಲಿಯಣ್ಣ ಠಾಣೆಗೆ ಹೋಗಿ ಪಕ್ಕದ ಮನೆಯ ದರ್ಜಿಯ ಮೇಲೆ ದೂರು ಕೊಟ್ಟ. ಬಾತುಕೋಳಿಗಳ ಗಲಾಟೆಗೆ ಹೊಲಿಗೆ ಸೊಟ್ಟಗಾಗುತ್ತದೆ ಎಂದು ದರ್ಜಿ ಸದಾ ಗೊಣಗುತ್ತಿದ್ದನಲ್ಲ, ಸಾಕ್ಷಿ ಇನ್ನೇನು ಬೇಕು?

ನಾಲ್ಕನೆಯ ದಿನ ಠಾಣೆಯ ಮೇಡಂ ಅವನನ್ನು ಕರೆಸಿದರು. ಪಶುವೈದ್ಯರ ಚೀಟಿ ಅವರ ಮುಂದಿತ್ತು. "ಹೊಟ್ಟೇಲಿ ಬಣ್ಣದ ವಿಷ ಸಿಕ್ಕಿದೆ. ಹಳ್ಳದ ನೀರು ಕುಡಿದೇ ಸತ್ತಿವೆ. ಆದ್ರೆ ಹಳ್ಳದ ವರದಿ ನೋಡಿದ್ರೆ ಪ್ರತಿ ಸಲ ಶುದ್ಧ ಅಂತಿದೆ. ನಂಗಂತೂ ತಲೆಬುಡ ಅರ್ಥ ಆಗ್ತಿಲ್ಲ."

"ಶುದ್ಧವೇ ಮೇಡಂ, ನಾನೇ ತರೋದು," ಎಂದ ಅವನು ಎದೆಯುಬ್ಬಿಸಿ.

"ಹೇಗೆ ತರ್ತೀರಿ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಇವರೊಬ್ಬರೇ. ಅವನಿಗೆ ಖುಷಿಯಾಯಿತು. "ನೀರು ಕಪ್ಪಗಿರುತ್ತೆ ನೋಡಿ, ಸಾಹೇಬರ ಮೇಜಿನ ಮೇಲೆ ಹಾಗೇ ಇಡೋಕಾಗುತ್ತಾ? ಭಾನುವಾರವೇ ತಂದು, ನಾಲ್ಕು ಮಡಿಕೆ ಬಟ್ಟೇಲಿ ಸೋಸಿ, ಕೊಳೆ ತಳಕ್ಕೆ ಕೂರಲಿ ಅಂತ ಪಟಿಕ ಆಡಿಸಿ ಇಡ್ತೀನಿ. ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಾಟಲಿಗೆ. ಕನ್ನಡಿ ಹಾಗಿರುತ್ತೆ ಮೇಡಂ!"

ಮೇಡಂ ಪೆನ್ನು ಕೆಳಗಿಟ್ಟರು. ಏನೋ ಕಡಿಮೆಯಾಯಿತೇನೋ ಎಂದು ಬಾಟಲಿಯಣ್ಣ, "ಬಾಟಲೀನೂ ಬಿಸಿನೀರಲ್ಲಿ ತೊಳೀತೀನಿ," ಎಂದು ಸೇರಿಸಿದ. ಅಷ್ಟು ಹೇಳುವ ಹೊತ್ತಿಗೆ ಅವನ ದನಿಯೇ ಅವನಿಗೆ ಅಪರಿಚಿತವಾಗಿ ಕೇಳಿಸಿತು. ಸೋಸಿದ ಬಟ್ಟೆಯಲ್ಲಿ ಉಳಿಯುತ್ತಿದ್ದದ್ದು ಏನು? ಪಾತ್ರೆಯ ತಳದಲ್ಲಿ ಕೂರುತ್ತಿದ್ದದ್ದು? ಬಾತುಕೋಳಿಗಳು ಮೇಯುವ ಹಿತ್ತಲಿಗೇ ಚೆಲ್ಲುತ್ತಿದ್ದನಲ್ಲ, ಯೋಚಿಸಿದವನೇ ಅಲ್ಲ. ಈಗ ಯೋಚಿಸಿದ, ನಾಚಿಕೆಯಾಯಿತು.

"ದರ್ಜಿ ಹೆಸ್ರು ಹೊಡೆದು ಹಾಕಿ ಮೇಡಂ," ಎಂದ ಮೆಲ್ಲಗೆ. "ಕಾರ್ಖಾನೆಯವರ ಹೆಸ್ರು ಬರ್ಕೊಳ್ಳಿ."

"ಬರೆಯೋದೇನೋ ಬರೀಬಹುದು. ಅವ್ರು ತಕ್ಷಣ ಹನ್ನೊಂದು ವರ್ಷದ ಒಳ್ಳೇ ವರದಿಗಳನ್ನ ತಂದು ಮುಂದೆ ಹಿಡೀತಾರೆ. ಎಲ್ಲಾದ್ರಲ್ಲೂ ನಿಮ್ಮ ಸಹಿ."

ಲಂಚ ಮುಟ್ಟದೆ, ರಜೆ ಹಾಕದೆ, ಇಡೀ ಹಳ್ಳವನ್ನು ಬಾಟಲಿಯಣ್ಣ ತಾನೇ ಕೈಯಾರೆ ಕೊಂದಿದ್ದ. ಲಂಚವಾದರೂ ತಿಂದಿದ್ದರೆ ಕಾರಣವೊಂದು ಇರುತ್ತಿತ್ತು.

"ಹಾಗಾದ್ರೆ ನನ್ ಹೆಸ್ರೇ ಬರ್ಕೊಳ್ಳಿ. ನಾನು ಕೋರ್ಟಿಗೆ ಬಂದ್ರೆ ಆ ವರದಿಗಳು ಸುಳ್ಳು ಅಂತ ಅಲ್ಲೇ ಹೇಳ್ತೀನಿ. ಆಗ ಯಾರಾದ್ರೂ ನಿಜವಾದ ನೀರು ತರ್ತಾರಲ್ಲ?"

ಮೇಡಂ ಅವನನ್ನೇ ದಿಟ್ಟಿಸಿದರು. "ಕೆಲಸ ಹೋಗುತ್ತೆ. ಮನೇಲಿ ಹೇಳಿದ್ದೀರಾ?"

"ಇಲ್ಲ ಮೇಡಂ. ಅದಕ್ಕೇ ಕೇಳ್ತಿರೋದು," ಬಾಟಲಿಯಣ್ಣ ಕೈಜೋಡಿಸಿದ, "ಇವತ್ತೇ ಒಳಗೆ ಹಾಕೋಕಾಗುತ್ತಾ?"