ನಾಲ್ಕು ಬೆರಳಿನ ಬಾಕಿ

ಚಳಿಗಾಲದ ಬೆಳಗಿನ ಐದೂವರೆ. ಒಳಾಂಗಣ ಕ್ರೀಡಾಂಗಣದಲ್ಲಿ ದೀಪಗಳ ಎರಡು ಸಾಲು ಮಾತ್ರ ಉರಿಯುತ್ತಿವೆ. ಮರದ ನೆಲದ ಮೇಲೆ ಮಂಡಿಯೂರಿದ ಮನುಷ್ಯ ಸ್ವೆಟರಿನೊಳಗೆ ಕೈಹಾಕಿ, ಕೋಳಿಮರಿಯನ್ನು ತೆಗೆಯುವ ಹಾಗೆ ಮೆಲ್ಲಗೆ ಬಿಳಿ ಟೇಪಿನ ಸುರುಳಿಯೊಂದನ್ನು ಹೊರತೆಗೆಯುತ್ತಾರೆ. ಚಳಿಗೆ ಟೇಪಿನ ಅಂಟು ಮುನಿಸಿಕೊಳ್ಳುತ್ತದೆ, ಮೈಶಾಖ ಕೊಟ್ಟರೆ ಮಾತು ಕೇಳುತ್ತದೆ. ತುದಿಯನ್ನು ನೆಲಕ್ಕೊತ್ತಿ, ಹಿಂದಕ್ಕೆ ತೆವಳುತ್ತ ಎಳೆದು, ಗುಳ್ಳೆ ಏಳದಂತೆ ಹಳೆಯ ಟೆನಿಸ್ ಚೆಂಡಿನಿಂದ ಉಜ್ಜುತ್ತಾರೆ.

ಇಲ್ಲಿ ಎಲ್ಲರಿಗೂ ಇವರು ಗೆರೆಯಣ್ಣ. ವಯಸ್ಸು ಐವತ್ತೊಂಬತ್ತು. ಇನ್ನು ಒಂಬತ್ತು ದಿನಕ್ಕೆ ಖಂಡದ ರಾಷ್ಟ್ರೀಯ ತಂಡಗಳ ಒಳಾಂಗಣ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಹತ್ತನೆಯ ಆವೃತ್ತಿ ಇದೇ ನೆಲದ ಮೇಲೆ ಶುರುವಾಗಲಿದೆ. ಅಂಗಣ ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ಗೆರೆಯ ಅಗಲ ಎಂಟು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳು. ಇನ್ನೂರು ಮೀಟರಿಗೂ ಮಿಕ್ಕಿ ಟೇಪು, ಮೂರು ಬೆಳಗಿನ ಕೆಲಸ, ಒಂದು ಜೊತೆ ಮಂಡಿ.

ಪಂದ್ಯಾವಳಿಯ ಚರಿತ್ರೆ ಬಲ್ಲವರು ಗೆದ್ದವರ ಪಟ್ಟಿ ಒಪ್ಪಿಸುತ್ತಾರೆ. ಗೆರೆಯಣ್ಣ ಅದನ್ನು ನೆಲದ ಕಡೆಯಿಂದ ಹೇಳುತ್ತಾರೆ. ಹದಿನೆಂಟು ವರ್ಷದ ಹಿಂದೆ ಮೊದಲ ಆವೃತ್ತಿ ನಡೆದದ್ದೂ ಇಲ್ಲೇ. ಎಂಟು ತಂಡ, ಆರು ದಿನ. "ಹುಲ್ಲಿನ ಮೇಲೆ ಆಡೋರನ್ನೇ ಹಿಡ್ಕೊಂಡು ಬಂದಿದ್ರು. ಮೊದಲ ದಿನ ಚೆಂಡಿಗಿಂತ ಆಟಗಾರರೇ ಜಾಸ್ತಿ ಉರುಳಿದ್ರು" ಎಂದು ನಗುತ್ತಾರೆ. "ಬ್ಯಾಸ್ಕೆಟ್‌ಬಾಲ್ ಗೆರೆ, ಬ್ಯಾಡ್ಮಿಂಟನ್ ಗೆರೆ ಎಲ್ಲ ಹಾಗೇ ಇತ್ತು. ಇದರಲ್ಲಿ ನಮ್ಮದು ಯಾವುದಪ್ಪಾ ಅಂತ ರೆಫರಿನೇ ನನ್ನನ್ನ ಕೇಳ್ತಿದ್ದ."

ಆಮೇಲೆ ಪಂದ್ಯಾವಳಿ ಎರಡು ವರ್ಷಕ್ಕೊಮ್ಮೆ ದೇಶದೇಶ ಸುತ್ತಿತು. ಐದನೆಯದು ಮತ್ತೆ ಇಲ್ಲಿಗೆ ಬಂದಾಗ ತಂಡಗಳು ಹನ್ನೆರಡಾಗಿದ್ದವು. ಟಿವಿಯವರು ದೀಪ ತಂದು, ಹೊಳೆಯದ ಟೇಪು ಬೇಕೆಂದರು. ಈಗ ಹದಿನಾರು ತಂಡ. ಒಂಬತ್ತು ಸಲದಲ್ಲಿ ನಾಲ್ಕು ದೇಶಗಳು ಕಪ್ ಎತ್ತಿವೆ. ಈ ದೇಶ ಒಮ್ಮೆಯೂ ಎತ್ತಿಲ್ಲ.

"ಮೊದಲನೇ ಸಲವೇ ಕೈಗೆ ಬಂದಿತ್ತು" ಎಂದು ಗೆರೆಯಣ್ಣ ಟೇಪಿನ ತುದಿಯನ್ನು ಉಗುರಿನಿಂದ ಕೆರೆಯುತ್ತಾರೆ.

ಅಂದಿನ ಫೈನಲ್. ತಮ್ಮ ತಂಡ ಒಂದು ಗೋಲು ಹಿಂದೆ, ಉಳಿದದ್ದು ಒಂದೇ ನಿಮಿಷ. ಎದುರಾಳಿ ಆರನೆಯ ತಪ್ಪು ಮಾಡಿತು. ಈ ಆಟದಲ್ಲಿ ತಪ್ಪುಗಳು ಐದು ದಾಟಿದರೆ, ಗೋಲಿಗೆ ಹತ್ತು ಮೀಟರ್ ದೂರದ ಚುಕ್ಕೆಯಿಂದ ನೇರ ಒದೆತ; ಅಡ್ಡ ನಿಲ್ಲುವವರು ಗೋಲ್‌ಕೀಪರ್ ಬಿಟ್ಟು ಯಾರೂ ಇಲ್ಲ. ಒದೆಯಲು ಬಂದವನು ಇಪ್ಪತ್ತಾರರ ಹುಡುಗ, ಎಲ್ಲರ ಬಾಯಲ್ಲಿ 'ಎಡಗಾಲು'. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಊರು ಅವನನ್ನು ವರ್ಷಗಟ್ಟಲೆ ಬಿಡಲಿಲ್ಲ. ಬಸ್ಸಿನಲ್ಲಿ ಕಂಬ ಹಿಡಿದು ನಿಂತರೂ "ಬಿಡಪ್ಪಾ, ಅದನ್ನಾದ್ರೂ ಬಿಡು" ಎನ್ನುವವರಿದ್ದರು.

ಮರುದಿನ ಟೇಪು ಕೀಳುವಾಗ ಗೆರೆಯಣ್ಣ ಸುಮ್ಮನೆ ಅಳೆದು ನೋಡಿದರು. ಅಂಗಣದ ಒಂದು ತುದಿಯ ಚುಕ್ಕೆ ಹತ್ತು ಮೀಟರಿಗೆ ಸರಿಯಾಗಿತ್ತು. ಎಡಗಾಲು ಒದ್ದ ತುದಿಯದು ಹತ್ತು ಮೀಟರ್ ಎಂಟು ಸೆಂಟಿಮೀಟರ್.

ಅಳೆಯಬೇಕಾದದ್ದು ಗೋಲುಗೆರೆಯ ಹೊರ ಅಂಚಿನಿಂದ. ಗೆರೆ ಹಾಕಿದ ದಿನ ಜೊತೆಯ ಕೆಲಸಗಾರ ರಜೆ ಹಾಕಿದ್ದ. ಗ್ಯಾಲರಿ ಗುಡಿಸುತ್ತಿದ್ದ ಹೆಂಡತಿಯನ್ನು ಕರೆದು, ಅಳತೆಪಟ್ಟಿ ಕೊಟ್ಟು "ಗೆರೆಗೆ ಹಿಡ್ಕೋ" ಎಂದಿದ್ದರು. ಆಕೆ ಒಳ ಅಂಚಿಗೆ ಹಿಡಿದರು, ಚುಕ್ಕೆ ಗೆರೆಯ ಅಗಲದಷ್ಟು ದೂರ ಸರಿಯಿತು.

"ಗೆರೆ ಅಂದ್ರಿ, ಗೆರೆಗೆ ಹಿಡಿದೆ" ಎನ್ನುತ್ತಾರೆ ಆಕೆ, ಇಂದೂ ಅದೇ ಗ್ಯಾಲರಿಯಿಂದ, ಪೊರಕೆ ನಿಲ್ಲಿಸದೆ. "ಬಟ್ಟೆಗೆ ಅಂಚು ಇರೋದು ಕಂಡಿದ್ದೆ. ನೆಲಕ್ಕೂ ಅಂಚು ಅಂತ ನೀವು ಬಾಯಿ ಬಿಟ್ಟು ಹೇಳಿದ್ರಾ?"

"ನಾನು ನೋಡ್ಬೇಕಿತ್ತು ಕಣೇ."

ಕಚೇರಿಯಲ್ಲಿರುವ ಹಳೆಯ ವಿಡಿಯೊದಲ್ಲಿ ಆ ಒದೆತವನ್ನು ಗೆರೆಯಣ್ಣ ನೋಡಿದ್ದು ಎಷ್ಟು ಸಲವೋ. ಚೆಂಡು ಚುಕ್ಕೆಯ ನಟ್ಟನಡುವೆ ಕೂತಿರುತ್ತದೆ. ಅಳತೆ ತಪ್ಪಿದ್ದನ್ನು ಆ ಹುಡುಗನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಆ ಎಡಗಾಲು ಈಗ ತಂಡದ ಕೋಚ್. ಇಂದು ಆರಕ್ಕೆ ನೆಲ ನೋಡಲು ಬರುತ್ತಿದ್ದಾರೆ.

ಬಂದರು. ಬೂಟು ಬಾಗಿಲಲ್ಲೇ ಬಿಟ್ಟು ಸಾಕ್ಸಿನಲ್ಲಿ ನಡೆದು ಬಂದು, "ಏನಣ್ಣ, ಇನ್ನೂ ನೆಲ ಬಿಟ್ಟು ಎದ್ದೇ ಇಲ್ವಾ?" ಎಂದರು.

"ಹೇಳ್ರೀ ಈಗಲಾದ್ರೂ" ಎಂಬ ದನಿ ಗ್ಯಾಲರಿಯಿಂದ.

ಗೆರೆಯಣ್ಣ ಹೇಳುತ್ತಾರೆ. ಪೀಠಿಕೆಯಿಲ್ಲ, ಅಂಚು, ಅಳತೆ, ನಾಲ್ಕು ಬೆರಳು, ಅಷ್ಟೇ. ಕೋಚ್ ಗೋಲಿನ ಕಂಬದ ಕಡೆ ನೋಡುತ್ತಾರೆ.

"ನಾನು ಚೆಂಡನ್ನ ಚುಕ್ಕೆ ಮೇಲೆ ಇಟ್ಟಿದ್ದೆ ಅಂತ ಯಾರು ಹೇಳಿದ್ರಣ್ಣ?" ಎನ್ನುತ್ತಾರೆ. "ರೆಫರಿ ಅತ್ಲಾಗೆ ತಿರುಗಿದಾಗ ಅರ್ಧ ಗೇಣು ಮುಂದೆ ತಳ್ಳಿದ್ದೆ."

"ಹಾಗಾದ್ರೆ ಬಾಕಿ ನೀವೇ ಕೊಡ್ಬೇಕು ನಮಗೆ!" ಎಂದು ಮೇಲಿನಿಂದ ಆಕೆ. ಕೋಚ್ ನಗುತ್ತಾರೆ.

ಗೆರೆಯಣ್ಣನಿಗೆ ನಗು ಪೂರ್ತಿ ಬರುವುದಿಲ್ಲ. ವಿಡಿಯೊದ ಚೆಂಡು ಅವರ ಕಣ್ಣ ಮುಂದಿದೆ, ಕೂತಲ್ಲಿಂದ ಒಂದು ನೂಲೂ ಅಲುಗದ ಚೆಂಡು. ಆದರೆ ಅವರು ಆ ಮಾತನ್ನು ಎತ್ತುವುದಿಲ್ಲ. ಅಳತೆಪಟ್ಟಿಯ ತುದಿಯನ್ನು ಎಳೆದು ಕೋಚ್ ಕೈಗೆ ಕೊಡುತ್ತಾರೆ. ಕಂಬಗಳ ನಡುವೆ ಕೋಚ್ ಮಂಡಿಯೂರುತ್ತಾರೆ.

"ಎಲ್ಲಿಗೆ ಹಿಡೀಲಿ?"

"ಹೊರಗಿನ ಅಂಚಿಗೆ ಸಾರ್" ಎನ್ನುತ್ತಾರೆ ಗೆರೆಯಣ್ಣ, ಪಟ್ಟಿ ಬಿಚ್ಚುತ್ತ ಹಿಂದೆ ಹಿಂದೆ ತೆವಳುತ್ತ. "ಗೆರೆಗೆ ಎರಡು ಅಂಚು ಇರ್ತವೆ."