ಡೆರಿಕ್ ಅಟಿಂಗ್ ಬೇರ್ಪಡಿಸಿದ ಕತ್ತಿ

ಇಂಗ್ಲೆಂಡಿನ ಲೋಸ್ಟಾಫ್ಟ್ ಬಂದರಿನಲ್ಲಿ ನನ್ನ ಪಕ್ಕದ ಮನೆಯವನಾಗಿದ್ದ ಡೆರಿಕ್ ಅಟಿಂಗ್ ಬಟಾಣಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ತಾಯಿ ಹೆರಿಂಗ್ ಮೀನಿನ ಬಲೆ ಹೊಲಿಯುವವಳು, ತಂದೆ ಹರ್ಬರ್ಟ್ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನಿಯರೊಡನೆ ಕಾದಾಡಿದ ಸಿಪಾಯಿ. ಡೆರಿಕ್ ತನ್ನ ದುಡಿಮೆಯಲ್ಲಿ ಉಳಿದದ್ದನ್ನೆಲ್ಲ ಜಪಾನಿ ಸೇನೆಯ ಕತ್ತಿಗಳಿಗೆ ಸುರಿದ. ಕೊಂಡು ಗೋಡೆಗೆ ತೂಗುಹಾಕುವ ಜಾತಿಯವನಲ್ಲ. ಪ್ರತಿ ಕತ್ತಿಯೂ ಯಾರ ಸೊಂಟದಲ್ಲಿತ್ತು, ಎಲ್ಲಿ ಕೈಬದಲಾಯಿತು ಎಂಬುದು ತಿಳಿಯುವವರೆಗೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ಅಷ್ಟೆಲ್ಲ ಕತ್ತಿಗಳ ಹಿಂದೆ ಬಿದ್ದದ್ದು ಒಂದರ ಸಲುವಾಗಿ. ಅದು ಅವನ ಅಪ್ಪ ತಂದದ್ದು. ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ಹರ್ಬರ್ಟ್ "ಸಿಕ್ತು" ಎನ್ನುತ್ತಿದ್ದ, ಅಷ್ಟೇ. ಕೈಯೆತ್ತಿ ಶರಣಾದವನನ್ನು ಕೊಂದು ಕಿತ್ತುಕೊಂಡದ್ದು ಎಂದು ಬೀದಿಯಲ್ಲಿ ಮಾತಿತ್ತು. ಶಾಲೆಯಲ್ಲಿ ಹುಡುಗರು ಡೆರಿಕ್‌ನನ್ನು ಕಟುಕನ ಮಗ ಎಂದು ಕರೆಯುತ್ತಿದ್ದರು. ಅಪ್ಪ ಸತ್ತಾಗ ಮಗನಿಗೆ ಹತ್ತೊಂಬತ್ತು. ಕೇಳಬೇಕಾದ್ದು ಕೇಳದೆ ಉಳಿಯಿತು. ಕತ್ತಿಯ ಒಡೆಯ ಜೀವಂತವಾಗಿ ಮನೆ ಸೇರಿದನೇ ಎಂಬುದೊಂದೇ ಆಮೇಲೆ ಅವನ ಪ್ರಶ್ನೆ.

ಕತ್ತಿ ಬಾಯಿಬಿಡುವಂತಿರಲಿಲ್ಲ. ಹಿಡಿಯೊಳಗೆ ಅಡಗಿರುವ ಅಲಗಿನ ಬಾಲದ ಮೇಲೆ ಕಮ್ಮಾರನ ಹೆಸರು, ವರ್ಷ ಇರುತ್ತವೆ. ಅಲ್ಲಿಯ ತುಕ್ಕನ್ನು ಮುಟ್ಟಬಾರದು, ಕತ್ತಿಯ ವಯಸ್ಸು ಹೇಳುವುದೇ ಅದು. ಹರ್ಬರ್ಟ್ ಸಿಪಾಯಿ, ಹಿತ್ತಾಳೆ ಗುಂಡಿ, ಬೂಟು ಫಳಫಳ ಹೊಳೆಯದಿದ್ದರೆ ನಿದ್ದೆ ಬಾರದವನು. ಪ್ರತಿ ನವೆಂಬರ್‌ನಲ್ಲಿ ಹಿಡಿ ಬಿಚ್ಚಿ, ಬಾಲವನ್ನೂ ಬ್ರಾಸೊ ಪಾಲಿಶ್ ಹಾಕಿ ತಂತಿನಾರಿನಿಂದ ಉಜ್ಜಿ, ಅಕ್ಷರವೆಲ್ಲ ಸವೆಸಿಬಿಟ್ಟಿದ್ದ. ಹಿಡಿಯ ತುದಿಯಲ್ಲಿ ಬೆಳ್ಳಿಯ ಕುಲಚಿಹ್ನೆ ಉಳಿದಿತ್ತು, ಉಂಗುರದೊಳಗೆ ಮೂರೆಲೆ. ಅದು ಜಪಾನಿನಲ್ಲಿ ನೂರಾರು ಮನೆತನಗಳಿಗಿದೆ.

ನಾನು ವಿಶ್ವವಿದ್ಯಾಲಯದಲ್ಲಿ ಜಪಾನಿ ಇತಿಹಾಸ ಕಲಿಸಿ ನಿವೃತ್ತಳಾಗಿ ಈ ಬೀದಿಗೆ ಬಂದ ವಾರದಲ್ಲೇ ಡೆರಿಕ್ ಕತ್ತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. "ಪ್ರೊಫೆಸರಮ್ಮ, ಇದನ್ನ ಓದಿ" ಎಂದ.

"ಓದೋಕೆ ಏನೂ ಬಿಟ್ಟಿಲ್ಲವಲ್ಲಪ್ಪ ನಿಮ್ಮಪ್ಪ."

"ಅವರು ಮಾತಾಡೋದೂ ಹಂಗೇ ಇತ್ತು" ಎಂದು ನಕ್ಕ.

ದಾರಿ ಸಿಕ್ಕಿದ್ದು ಅವನಿಗೇ, ಅದೂ ಯಾರೂ ನೋಡದ ಕಡೆ. ಒರೆಯ ಮೇಲೆ ಹಾಕುವ ಚರ್ಮದ ಗವಸನ್ನು ಸಂಗ್ರಹಕಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರ ಕಣ್ಣೆಲ್ಲ ಅಲಗಿನ ಮೇಲೆ. ಅವನ ಗವಸೂ ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿತ್ತು. ಒಂದು ದಿನ ಹುಳು ಹಿಡಿದಿದೆಯೇ ಎಂದು ಬಿಸಿಲಿಗೆ ತಂದವನು ಅದರ ಹೊಲಿಗೆ ನೋಡುತ್ತ ನಿಂತುಬಿಟ್ಟ. ತಾಯಿಯ ಮಂಡಿಯ ಬಳಿ ಕೂತು ತಾನು ಹಾಕುತ್ತಿದ್ದ ಅದೇ ಗಂಟು, ಅದೇ ಬಲೆಯ ಹುರಿ. "ಇದು ಚಮ್ಮಾರನ ಕೆಲಸ ಅಲ್ಲ. ಬಲೆ ಹೊಲಿಯೋರ ಮನೆಯೋನು ಇವನು" ಎಂದ.

ನಾನು ಜಪಾನಿನ ಮೀನುಗಾರರ ಸಂಘಗಳಿಗೆ ಬರೆದೆ, ಚಿಹ್ನೆಯ ಮತ್ತು ಗವಸಿನ ಚಿತ್ರ ಕಳಿಸಿದೆ. ವರ್ಷ ಕಳೆದ ಮೇಲೆ ಅಲ್ಲಿನ ಕೀ ಎಂಬ ಕರಾವಳಿಯ ಒಂದು ಸಂಘದಿಂದ ಹಮಾಗುಚಿ ಫುಮಿಯೆ ಎಂಬ ಹೆಂಗಸಿನ ಫೋನ್ ನಂಬರು ಬಂತು. ಅವಳ ತಂದೆ ಸಾಮಾನು ಸಾಗಿಸುವ ದಳದಲ್ಲಿ ಲೆಫ್ಟಿನೆಂಟ್. ಆ ಗವಸು ತೊಟ್ಟ ಕತ್ತಿಯೊಡನೆ ನಿಂತ ಅವನ ಫೋಟೋ ಅವರ ಮನೆಯಲ್ಲಿತ್ತು.

ಡೆರಿಕ್‌ನ ಅಡುಗೆಮನೆಯಿಂದಲೇ ಫೋನ್ ಮಾಡಿದೆವು. ಅವನ ಹೆಂಡತಿ ಮ್ಯೂರಿಯಲ್ ಟೀ ಬಗ್ಗಿಸುವುದನ್ನು ಅರ್ಧಕ್ಕೇ ನಿಲ್ಲಿಸಿದ್ದಳು.

"ಅವರಪ್ಪ ಎಲ್ಲಿ ಸತ್ರು ಅಂತ ಕೇಳಿ" ಎಂದ ಡೆರಿಕ್.

ಜಪಾನಿ ಭಾಷೆಯಲ್ಲಿ ಕೇಳಿದೆ. "ನಮ್ಮಪ್ಪನಾ? ಮನೇಲೇ" ಎಂದಳು ಫುಮಿಯೆ. "ಎಪ್ಪತ್ತೊಂಬತ್ತನೇ ಇಸವಿ ಚಳಿಗಾಲದಲ್ಲಿ. ಗಂಜಿಗೆ ಉಪ್ಪಿಲ್ಲ ಅಂತ ಬೈದು ಮಲಗಿದೋರು ಏಳಲಿಲ್ಲ."

ನಾನು ಹೇಳಿದ್ದನ್ನು ಕೇಳಿ ಡೆರಿಕ್ ತಲೆ ಅಲ್ಲಾಡಿಸಿದ. "ಬೇರೆ ಯಾರನ್ನೋ ಹೇಳ್ತಿದಾರೆ. ಸರಿಯಾಗಿ ಕೇಳಿ."

ಅದನ್ನೂ ಕೇಳಿದೆ. ಆ ಕಡೆ ನಗು. "ನಾನು ಹುಟ್ಟಿದ್ದು ಯುದ್ಧ ಮುಗಿದು ನಾಲ್ಕು ವರ್ಷಕ್ಕೆ, ನಲವತ್ತೊಂಬತ್ತರಲ್ಲಿ ಅಂತ ಅವರಿಗೆ ಹೇಳಿ. ಕತ್ತಿಯನ್ನ ಯಾರೂ ಕಿತ್ಕೊಳ್ಳಲಿಲ್ಲ. ಯುದ್ಧ ಮುಗಿದ ಮೇಲೆ ಸಾಲಲ್ಲಿ ನಿಂತು ಮೇಜಿನ ಮೇಲೆ ಇಟ್ಟು ಬಂದೆ, ಇಂಗ್ಲಿಷ್ ಸಿಪಾಯಿಗಳು ಚೀಟಿ ಎತ್ತಿ ಹಂಚ್ಕೊಂಡ್ರು ಅಂತಿದ್ರು ಅಪ್ಪ. ಅವತ್ತಿಂದ ಸೊಂಟನೋವು ಹೋಯ್ತಂತೆ."

ಆ ತಂದೆ ಯುದ್ಧದಲ್ಲಿ ಬೇರೇನು ಮಾಡಿದನೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಡೆರಿಕ್‌ಗೆ ಬೇಕಿದ್ದದ್ದು ತನ್ನ ತಂದೆಯ ವಿಷಯ. ನಾನು ಇದನ್ನೆಲ್ಲ ಹೇಳುತ್ತಲೇ ಅವನು ಎದ್ದು ಹಿತ್ತಿಲಿಗೆ ಹೋದ.

"ಬಿಡಿ, ಬರ್ತಾನೆ. ಅಪ್ಪನ ಹಂಗೇ, ಏನೂ ಹೇಳಲ್ಲ" ಎಂದಳು ಮ್ಯೂರಿಯಲ್. ಅವಳ ಕಣ್ಣೂ ಒದ್ದೆಯಾಗಿತ್ತು.

ತಿರುಗಿ ಬಂದವನೇ, "ಕತ್ತಿ ಅವರದ್ದು, ಕಳಿಸ್ತೀನಿ ಅನ್ನಿ" ಎಂದ. ಫುಮಿಯೆ ಒಪ್ಪಲಿಲ್ಲ. ಅದು ಕಾರ್ಖಾನೆಯ ಉಕ್ಕು, ಕೈಯಿಂದ ಬಡಿದು ಮಾಡಿದ ಅಲಗಲ್ಲ. ಜಪಾನಿಗೆ ಬಂದರೆ ಕಾನೂನಿನ ಪ್ರಕಾರ ಕತ್ತರಿಸಿ ಹಾಕುತ್ತಾರೆ. "ಅಲಗು ಅವರ ಹತ್ರಾನೇ ಇರಲಿ. ಗವಸು ಹೊಲಿದಿದ್ದು ನಮ್ಮಜ್ಜಿ. ಅದೂ ಆ ಚಿಹ್ನೆ ಇರೋ ಹಿಡಿಯೂ ಸಿಕ್ಕರೆ ದೊಡ್ಡ ಉಪಕಾರ" ಎಂದಳು.

ಸಂಗ್ರಹಕಾರರಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಅಲಗು, ಹಿಡಿ, ಒರೆ ಒಟ್ಟಿಗಿದ್ದರೇ ಕತ್ತಿಗೆ ಚರಿತ್ರೆ. ಬೇರ್ಪಡಿಸಿದರೆ ಅದು ಬರೀ ಕಬ್ಬಿಣ. ಹಿಡಿ ಬಿಚ್ಚಿ ಮಾರಿದವನೊಬ್ಬನನ್ನು ಪಬ್ಬಿನ ಮಾಳಿಗೆಯಲ್ಲಿ ಸೇರುವ ತಮ್ಮ ಕೂಟದಿಂದ ಹೊರಗೆ ಹಾಕಿಸಿದವನು ಡೆರಿಕ್‌ನೇ.

ಆದರೂ ತಡಮಾಡಲಿಲ್ಲ. ಆ ಸಂಜೆಯೇ ಹಿಡಿಯ ಬಿದಿರುಗೂಟವನ್ನು ಸಣ್ಣ ಸುತ್ತಿಗೆಯಿಂದ ಹೊರದಬ್ಬಿ ಅಲಗನ್ನು ಈಚೆಗೆಳೆದ. ಹಿಡಿ, ಒರೆ, ಗವಸು ಮೂರನ್ನೂ ಮ್ಯೂರಿಯಲ್‌ಳ ಹಳೆಯ ಹತ್ತಿಯ ಹೊದಿಕೆಯಲ್ಲಿ ಸುತ್ತಿದೆವು.

ಕೂಟದಲ್ಲಿ ಅವನ ಗೆಳೆಯ ನೆವಿಲ್ ಕ್ರಿಸ್ಪ್ ಸುಮ್ಮನಿರಲಿಲ್ಲ. "ಅಲ್ಲಯ್ಯ ಡೆರಿಕ್, ಇಡೀ ಕೋಳಿ ಇಟ್ಕೊಂಡು ಪುಕ್ಕ ಕಿತ್ತು ಕೊಟ್ಯಲ್ಲ? ಈಗ ಯಾವನು ಮುಟ್ತಾನೆ ಇದನ್ನ?"

"ಮಾರೋಕಿಟ್ಟಿಲ್ಲ ಕಣೋ. ನಮ್ಮಪ್ಪ ಕೊಂದು ತಂದಿದ್ದಲ್ಲ ಅಂತ ಆಯಮ್ಮ ಹೇಳಿದ್ಲು. ಅದಕ್ಕೆ ಇಡೀ ಮನೆ ಕೇಳಿದ್ರೂ ಕೊಡ್ತಿದ್ದೆ. ಕೇಳಿದ್ದು ಬರೀ ಹಿಡಿ, ಗವಸು."

"ಹಂಗಾದ್ರೆ ಕೂಟದ ನಿಯಮದ ಪ್ರಕಾರ ನೀನೂ ಆಚೆಗೆ."

"ಹೊರಡ್ಲಾ?"

"ಕೂತ್ಕೊ. ಬಿಯರ್ ಕೊಡಿಸೋ ಸರದಿ ನಿಂದು."

ನಾನು ಮೂವತ್ತು ವರ್ಷ ಪಾಠ ಹೇಳಿದೆ, ಪುಸ್ತಕಗಳನ್ನು ಬರೆದೆ. ಕಲಿತ ಭಾಷೆಯಿಂದ ಇಬ್ಬರಿಗೆ ಇಷ್ಟು ನೇರವಾಗಿ ಉಪಯೋಗವಾದದ್ದು ಆ ಅಡುಗೆಮನೆಯಲ್ಲೇ. ಆ ಕೆಲಸ ನನಗೆ ಕೊಟ್ಟದ್ದಕ್ಕೆ ಡೆರಿಕ್‌ಗೆ ಋಣಿ. ಅವನಿದ್ದಾಗಲೇ ಅದನ್ನು ಹೇಳಿದ್ದೆ. "ಸರಿ, ಟೀ ಆರತ್ತೆ" ಎಂದಿದ್ದ.

ಹಿಡಿ ಕಳಿಸಿದ ವರ್ಷದ ನವೆಂಬರ್‌ನಲ್ಲಿ ಯುದ್ಧದಲ್ಲಿ ಮಡಿದವರ ನೆನಪಿನ ಮೆರವಣಿಗೆಗೆ ಡೆರಿಕ್ ಮೊದಲ ಸಲ ಹೋದ. ಅಲ್ಲಿಯವರೆಗೆ ಪೆಟ್ಟಿಗೆಯಿಂದ ಆಚೆ ತೆಗೆಯದಿದ್ದ ಅಪ್ಪನ ಪದಕಗಳನ್ನು ತೀರಿಹೋದ ಸಿಪಾಯಿಗಳ ಮಕ್ಕಳು ತೊಡುವ ಪದ್ಧತಿಯಂತೆ ಬಲ ಎದೆಯ ಮೇಲೆ ಚುಚ್ಚಿಕೊಂಡಿದ್ದ. ಉಜ್ಜಿರಲಿಲ್ಲ, ಕಪ್ಪಗೇ ಇದ್ದವು. ಮ್ಯೂರಿಯಲ್ ಕೋಟಿನ ಕಾಲರು ಸರಿಪಡಿಸಿ, "ನೆಟ್ಟಗೆ ನಿಂತ್ಕೊ, ಜನ ನೋಡ್ತಾರೆ" ಎಂದಳು.

"ನೋಡ್ಲಿ ಅಂತಾನೇ ಬಂದಿರೋದು" ಎಂದು ಅವನು ಸಾಲಿಗೆ ಸೇರಿಕೊಂಡ.